ಆಶಾ ಮತ್ತು ನೂರಿಪ್ಪತ್ತು ಫುಟ್‌ವಾಲು

“ನಡುವೆ ಇನ್ನೊಬ್ರು ನಿಂತು ಮಾತು ದಾಟ್ಸೋದು ಅಂದ್ರೆ ನಂಗೆ ಸಣ್ಣಾಕಿ ಇದ್ದಾಗಿಂದ್ಲೂ ಆಗ್ತಿರಲಿಲ್ಲ ಬಿಡ್ರಿ. ನಮ್ಮವ್ವ ಹೊಲದಾಗಿರೋ ಅಪ್ಪಂಗೆ ಬುತ್ತಿ ಕಟ್ಟಿ, ಆ ಕಡೆ ಹೋಗೋರ ಕೈಯಾಗ ಕೊಟ್ಟು, ಜೊತಿಗೊಂದು ಮಾತು ಹೇಳಿ ಕಳಿಸೋಳು. ‘ಸಂಜೀಕೆ ಬರಾಗ ನಾಕು ಬದ್ನೀಕಾಯಿ ತರಾಕ ಹೇಳು’ ಅಂತ. ಆ ಪುಣ್ಯಾತ್ಮ ದಾರ್‍ಯಾಗ ಇನ್ನೊಬ್ಬರ ಕೈಗೆ ದಾಟಿಸೋನು. ಸಂಜೀಕೆ ಅಪ್ಪ ಬಂದ್ರೆ ಬುತ್ತಿ ಗಂಟು ಅಷ್ಟೇ ಇರೋದು, ಬದ್ನೀಕಾಯಿ ಇಲ್ಲ. ಆಮ್ಯಾಕ ಇಬ್ಬರೂ ಜಗಳ. ಅದಕ್ಕ ನಾನು ಬುತ್ತಿ ನಾನೇ ಒಯ್ಯಾಕ ಹತ್ತಿದೆ. ಹೇಳೋದು ಇದ್ರೆ ಎದುರಿಗೆ ಹೋಗಿ ಹೇಳ್ಬೇಕು. ಮನುಷ್ಯರಾದ್ರೇನು, ಕಂಪ್ಯೂಟರ್ ಆದ್ರೇನು? ಸಾವ್ಕಾರ್ರ ಮುಂದೂ ಅದನ್ನೇ ಅಂದೆ. ಅಂಗಡಿ ಕಂಪ್ಯೂಟರ್ ಗೋದಾಮಿನ ಜೊತಿ ನೇರ ಮಾತಾಡ್ಲಿ, ಕಾರ್ಖಾನಿ ಜೊತೀನೂ ನೇರ ಮಾತಾಡ್ಲಿ, ನಡುವೆ ಮತ್ತೊಂದು ಯಾಕ್ರಿ ಅಂತ. ಎಲ್ಲಾರ ಮುಂದ, ಜೋರಾಗಿ. ಹಂಗ ಜೋರಾಗಿ ಆಡಿದ ಮಾತು ವಾಪಸ್ ನುಂಗೋದು ಐತಲ್ಲ, ಹಸಿಮೆಣಸಿನಕಾಯಿ ಇಡಿಯಾಗಿ ನುಂಗಿದಂಗೆ. ನಾನು ನುಂಗೀನಿ ನೋಡ್ರಿ. ಅದಕ್ಕೇ ಈಗ ನಗು ಬರ್ತೈತೆ.”

ಆಶಾ ಹೀಗೆ ಹೇಳುವಾಗ ನಿಜವಾಗಿಯೂ ನಗುತ್ತಾಳೆ. ಅಂಜಿನಪ್ಪ ಮತ್ತು ಕೊಟ್ರವ್ವನ ಒಬ್ಬಳೇ ಮಗಳು ಅವಳು. ಊರು ಹರಿಹರದ ಪಕ್ಕದ ಕಡರನಾಯಕನಹಳ್ಳಿ. ಅಪ್ಪನಿಗೆ ಎರಡು ಎಕರೆ ಭತ್ತದ ಗದ್ದೆ, ಒಂದು ಬಾವಿ, ಬಾವಿಗೊಂದು ಹಳೆಯ ಪಂಪ್‌ಸೆಟ್ಟು. ಆ ಪಂಪ್‌ಸೆಟ್ಟಿನ ಪೈಪು ಬಾವಿಯೊಳಗೆ ಎಲ್ಲೋ ಸೋರುತ್ತಿತ್ತು. ಹೀಗಾಗಿ ಮೋಟರು ನಿಂತಿತೆಂದರೆ ಪೈಪಿನ ನೀರೆಲ್ಲ ಕೆಳಗಿಳಿದುಬಿಡುತ್ತಿತ್ತು. ಮತ್ತೆ ಶುರುಮಾಡಬೇಕೆಂದರೆ ಪಂಪಿನ ಬಾಯಿಗೆ ನಾಲ್ಕು ಕೊಡ ನೀರು ಕುಡಿಸಬೇಕು. ಆ ನಾಲ್ಕು ಕೊಡ ಹೊರುವುದು ಚಿಕ್ಕಂದಿನಿಂದ ಆಶಾಳ ಬೆಳಗಿನ ಕೆಲಸ. ಡಿಗ್ರಿ ಓದುವಾಗಲೂ ಅದೇ, ಹರಿಹರದಲ್ಲಿ ಕಂಪ್ಯೂಟರ್ ಕಲಿಯುವಾಗಲೂ ಅದೇ. ದಾವಣಗೆರೆಯಲ್ಲಿ ಬಕ್ಕೇಶಪ್ಪನವರ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೂ ಕೊಡ ಹೊತ್ತು, ಕೈಕಾಲು ತೊಳೆದು, ಜಡೆ ಹಾಕಿಕೊಂಡು ಓಡಿ ಬಸ್ಸು ಹಿಡಿಯುತ್ತಿದ್ದಳು.

ಬಕ್ಕೇಶಪ್ಪನವರದು ಪಂಪ್‌ಸೆಟ್ಟಿನ ಬಿಡಿಭಾಗಗಳ ವ್ಯಾಪಾರ. ದಾವಣಗೆರೆಯಲ್ಲಿ ಅಂಗಡಿ, ಅಂಗಡಿಯ ಹಿಂದೆಯೇ ಗೋದಾಮು, ಹರಿಹರದಲ್ಲಿ ಆ ಸಾಮಾನು ತಯಾರಿಸುವ ಸಣ್ಣ ಕಾರ್ಖಾನೆ. ಮೂರು ಕಡೆಯೂ ಒಂದೊಂದು ಕಂಪ್ಯೂಟರ್ ಇತ್ತು. ಆದರೆ ಒಂದಕ್ಕೆ ಇನ್ನೊಂದರ ಪರಿಚಯವೇ ಇರಲಿಲ್ಲ. ಅಂಗಡಿಗೆ ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಟೆಂಪೋದಲ್ಲಿ ಕಳಿಸುವುದು, ಇಲ್ಲವೇ ಫೋನಿನಲ್ಲಿ ಕೂಗಿ ಹೇಳುವುದು. ಆಶಾ ಬಂದು ಆರು ತಿಂಗಳಲ್ಲಿ ಮೂರನ್ನೂ ಟೆಲಿಫೋನ್ ತಂತಿಯ ಮೇಲೆ ಮಾತಾಡುವಂತೆ ಮಾಡಿದಳು. ಅಂಗಡಿಯಿಂದ ಗೋದಾಮಿಗೆ ಒಂದು ದಾರಿ, ಅಂಗಡಿಯಿಂದ ಕಾರ್ಖಾನೆಗೆ ಒಂದು, ಗೋದಾಮಿನಿಂದ ಕಾರ್ಖಾನೆಗೆ ಇನ್ನೊಂದು. ಮೂರು ದಾರಿಗೂ ಮೂರು ಬೇರೆ ಬೇರೆ ಪ್ರೋಗ್ರಾಮು, ಮೂರನ್ನೂ ತಾನೇ ಕೂತು ಬರೆದದ್ದು. ಆಗ ಹುಬ್ಬಳ್ಳಿಯಿಂದ ಬಂದಿದ್ದ ಕಂಪ್ಯೂಟರ್ ಮಾರುವವರೊಬ್ಬರು, “ನೇರ ಬ್ಯಾಡ್ರಿ. ನಡುವೆ ಒಂದು ಮಷೀನ್ ಇಟ್ಕಳ್ರಿ, ಎಲ್ಲಾರೂ ಅದರ ಜೊತೀನೇ ಮಾತಾಡ್ಲಿ” ಎಂದಿದ್ದರು. ಆಗಲೇ ಆಶಾ ಜೋರಾಗಿ ಆ ಮಾತು ಆಡಿದ್ದು.

ಅಂಗಡಿಯಲ್ಲಿ ಲಿಂಗಣ್ಣ ಎಂಬ ಹಳೆಯ ಗುಮಾಸ್ತರಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಸದಾ ಒಂದು ಲವಂಗ. ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತುವುದು ಅವರ ಪಾಲಿಗೆ ಬಂದಿತ್ತು. ಮೊದಮೊದಲು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದವರು ವರ್ಷ ಕಳೆಯುವಷ್ಟರಲ್ಲಿ ಎರಡು ಬೆರಳಿಗೆ ಬಂದಿದ್ದರು. “ಆಶವ್ವ, ನೋಡು, ಭಡ್ತಿ ಆತು” ಎಂದು ಎರಡೂ ಬೆರಳು ಎತ್ತಿ ತೋರಿಸುತ್ತಿದ್ದರು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ತೊಂಬತ್ತೆಂಟರ ಮಹಾನವಮಿಯವರೆಗೆ.

ಆಯುಧಪೂಜೆಯ ದಿನ ಅಂಗಡಿಯಲ್ಲಿ ತಕ್ಕಡಿ, ಕತ್ತರಿ, ಫೋನು, ಬೀರು, ಎಲ್ಲಕ್ಕೂ ಪೂಜೆ. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ. ಲಿಂಗಣ್ಣ ಅದರ ಗಾಜಿನ ಹಣೆಗೆ ತಮ್ಮ ಹಣೆಗೆ ಹಚ್ಚಿದಂತೆಯೇ ಮೂರು ಗೆರೆ ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿ, ಮೇಲೊಂದು ಮಡಿಬಟ್ಟೆ ಹೊದಿಸಿದರು. ಪೂಜೆಗೆ ಕೂಡಿಸಿದ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಅಂಗಡಿಯವರು ನವಮಿಯ ಬೆಳಿಗ್ಗೆ ಪೂಜೆ ಮಾಡಿ ದಶಮಿಯ ಬೆಳಿಗ್ಗೆ ಬಟ್ಟೆ ತೆಗೆದರು. ಹರಿಹರದ ಕಾರ್ಖಾನೆಯವರು ನವಮಿಯ ಸಂಜೆ, ಪಾಳಿ ಮುಗಿದ ಮೇಲೆ ಪೂಜೆ ಮಾಡಿ, ದಶಮಿಯ ಸಂಜೆ ಬಟ್ಟೆ ತೆಗೆದರು. ಅಂದರೆ ಇವರು ಎದ್ದಾಗ ಅವರು ಪೂಜೆಗೆ ಕೂತಿದ್ದಾರೆ.

ದಶಮಿಯಂದು ನಲವತ್ತು ಫುಟ್‌ವಾಲು ಬೇಕೆಂದು ಒಂದು ಆರ್ಡರ್ ಬಂತು. ಫುಟ್‌ವಾಲು ಎಂದರೆ ಬಾವಿಯೊಳಗೆ ಪೈಪಿನ ತುದಿಗೆ ಹಾಕುವ ಕಬ್ಬಿಣದ ಬುಟ್ಟಿಯಂಥ ಸಾಮಾನು. ಲಿಂಗಣ್ಣ ಅದನ್ನು ಹರಿಹರಕ್ಕೆ ಕಳಿಸಲು ಗುಂಡಿ ಒತ್ತಿದರು. ಆ ಕಡೆ ಕಂಪ್ಯೂಟರ್ ಮಲಗಿತ್ತು, ಹೋಗಲಿಲ್ಲ. ಸಂಜೆ ಅದು ಎದ್ದ ಮೇಲೆ ಒತ್ತಿದರು. ಹೋಯಿತು. ಆದರೆ ಹಬ್ಬದ ಸಂಜೆ, ಊರೆಲ್ಲ ಫೋನಿನಲ್ಲಿ ಬನ್ನಿ ಶುಭಾಶಯ ಹೇಳಿಕೊಳ್ಳುತ್ತಿತ್ತು, ನಡುವೆಯೇ ಲೈನು ಕಡಿದುಹೋಯಿತು. ‘ಮುಟ್ಟಿತು’ ಎಂಬ ಮಾತು ಮಾತ್ರ ವಾಪಸ್ ಬರಲಿಲ್ಲ. ಲಿಂಗಣ್ಣ ಮತ್ತೆ ಒತ್ತಿದರು. ಮತ್ತೆ ಅದೇ ಕಥೆ. ಮೂರನೇ ಸಲಕ್ಕೆ ‘ಮುಟ್ಟಿತು’ ಎಂದು ಬಂದಾಗ ನೆಮ್ಮದಿಯಿಂದ ಲವಂಗ ಬದಲಾಯಿಸಿಕೊಂಡು ಮನೆಗೆ ಹೋದರು.

ಆರನೆಯ ದಿನ ಹರಿಹರದಿಂದ ಟೆಂಪೋ ಬಂತು. ಅಂಗಡಿಯ ಮೆಟ್ಟಿಲು ತುಂಬಿತು, ಕಟ್ಟೆ ತುಂಬಿತು, ಪಕ್ಕದ ದರ್ಜಿ ಅಂಗಡಿಯವರ ಬಾಗಿಲಿಗೂ ಎರಡು ಪೆಟ್ಟಿಗೆ ಅಡ್ಡವಾದವು. ಒಟ್ಟು ನೂರಿಪ್ಪತ್ತು ಫುಟ್‌ವಾಲು.

ಬಕ್ಕೇಶಪ್ಪ ಒಂದು ಪೆಟ್ಟಿಗೆಯ ಮೇಲೆಯೇ ಕೂತರು. ಅವರು ಕೂಗಾಡುವ ಮನುಷ್ಯರಲ್ಲ, ಮೆಲ್ಲಗೆ ಕೇಳುವವರು. “ಅಲ್ಲವ್ವ ಆಶಾ, ಇಷ್ಟೂ ಹಾಕಿ ಯಾವ ಹೊಳಿ ಖಾಲಿ ಮಾಡಬೇಕಂತ ಮಾಡೀದಿ? ತುಂಗಭದ್ರೆನಾ?”

ಸುತ್ತ ನಿಂತವರೆಲ್ಲ ನಕ್ಕರು. ಆಶಾಳಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಲಿಂಗಣ್ಣ, “ಸಾವ್ಕಾರ್ರೆ, ಒತ್ತಿದೋನು ನಾನು, ಆ ಹುಡುಗಿದೇನು ತಪ್ಪು?” ಎಂದರು.

“ಒತ್ತಿದೋರ್ದು ತಪ್ಪಲ್ಲ ಲಿಂಗಣ್ಣ. ಒಂದೇ ಮಾತನ್ನ ಮೂರು ಮಾತು ಅಂತ ತಿಳ್ಕಂಡ ಡಬ್ಬಿದು ತಪ್ಪು” ಎಂದು ಬಕ್ಕೇಶಪ್ಪ ಎದ್ದರು. “ದೀಪಾವಳಿಗೆ ಹರಿಹರದ ಬಸ್‌ಸ್ಟ್ಯಾಂಡ್ ಎದುರಿಗೆ ಹೊಸ ಅಂಗಡಿ ತೆಗೀತೀವಿ, ಆನಗೋಡಿನಾಗ ಒಂದು ಡಿಪೋ. ಮೂರಿದ್ದದ್ದು ಐದಾಗ್ತವೆ. ಹಬ್ಬದ ಅಮಾಸಿ ಆರ್ಡರ್ರು ಒಂದಕ್ಕ ಒಂದು ಸರಿಯಾಗಿ ಮುಟ್ಟಿದ್ರೆ ಕಂಪ್ಯೂಟರ್ ಕೆಲಸದ ಆ ಖುರ್ಚಿ ನಿಂದೇ. ಇಲ್ಲಂದ್ರೆ ಹಳೇ ಚೀಟಿ, ಹಳೇ ಟೆಂಪೋ. ಕಂಪ್ಯೂಟರ್ ಮಾರಿಬಿಡ್ತೀನಿ. ನಿಂಗೆ ಬ್ಯಾರೆ ಕಡಿ ನಾನೇ ಕೆಲಸ ಹೇಳ್ತೀನಿ, ಅದರ ಚಿಂತಿ ಬ್ಯಾಡ.”

ಕೆಲಸದ ಚಿಂತೆ ಅವಳಿಗೆ ನಿಜಕ್ಕೂ ಇರಲಿಲ್ಲ. ಆ ಖುರ್ಚಿಯ ಚಿಂತೆ ಇತ್ತು. ತಾನು ಹೆತ್ತ ಕೂಸಿನಂತೆ ಸಾಕಿದ ಕೆಲಸವನ್ನು ಯಾರೋ ತಕ್ಕಡಿಗೆ ಹಾಕಿ ಮಾರುತ್ತಾರಲ್ಲ ಎಂಬ ಸಂಕಟ.

ಮಾರನೆಯ ದಿನ ಚಹಾದ ಹೊತ್ತಿನಲ್ಲಿ ಅವಳು ಐದು ಖಾಲಿ ಲೋಟಗಳನ್ನು ಮೇಜಿನ ಮೇಲೆ ದುಂಡಗೆ ಇಟ್ಟಳು. ಐದು ಲೋಟ, ಐದು ಜಾಗ. ಪೊಟ್ಟಣ ಕಟ್ಟುವ ದಾರ ತಂದು ಒಂದೊಂದು ಲೋಟದಿಂದ ಉಳಿದೆಲ್ಲ ಲೋಟಕ್ಕೂ ಸುತ್ತುತ್ತ ಹೋದಳು. ಮೂರು ಲೋಟಕ್ಕೆ ಮೂರೇ ದಾರ ಆಗಿತ್ತು. ನಾಲ್ಕನೆಯದು ಬಂದಾಗ ಆರಾಯಿತು. ಐದನೆಯದು ಬಂದಾಗ ಹತ್ತು. ಹತ್ತು ದಾರಿ, ಹತ್ತು ಪ್ರೋಗ್ರಾಮು. ಎಲ್ಲಿ ಯಾರ ಪೂಜೆ, ಎಲ್ಲಿ ಯಾರ ವಾರದ ರಜೆ, ಯಾವ ಎರಡು ಒಟ್ಟಿಗೆ ಎದ್ದಿರುತ್ತವೋ ದೇವರೇ ಬಲ್ಲ.

ಚಹಾದ ಕೆಟಲು ಹಿಡಿದು ಬಂದ ಲಿಂಗಣ್ಣ ನಿಂತೇ ನೋಡಿದರು. “ಇದೇನವ್ವ, ಜೇಡರ ಹುಳ ಸಾಕೀದೇನು? ಲೋಟ ಎತ್ತಿದ್ರೆ ಐದೂ ಉರುಳ್ತಾವ. ಚಾ ಕುಡಿಯೋದು ಹೆಂಗೆ?”

ಆಶಾ ದಾರ ಬಿಚ್ಚಿದಳು. ಬಿಚ್ಚುವಾಗ ಅವಳ ಕಾಲಿಗೆ ಮೇಜಿನ ಕೆಳಗಿದ್ದ ಫುಟ್‌ವಾಲು ತಾಗಿತು. ಜಾಗ ಸಾಲದೆ ಅಲ್ಲಿಯೂ ಹತ್ತು ಹನ್ನೆರಡು ತುರುಕಿದ್ದರು. ಒಂದನ್ನು ಎತ್ತಿ ಬೆರಳು ಹಾಕಿ ಒಳಗಿನ ಮುಚ್ಚಳ ಮೇಲೆ ಕೆಳಗೆ ಆಡಿಸಿದಳು. ನೀರು ಮೇಲೆ ಹೋಗುವಾಗ ಇದು ತೆರೆಯುತ್ತದೆ, ಮೋಟರು ನಿಂತರೆ ಮುಚ್ಚಿಕೊಳ್ಳುತ್ತದೆ. ಹತ್ತಿದ ನೀರನ್ನು ಪೈಪಿನಲ್ಲೇ ಹಿಡಿದುಕೊಂಡು ಕೂತಿರುತ್ತದೆ. ಅಪ್ಪನ ಬಾವಿಯಲ್ಲಿ ಸೋರುತ್ತಿದ್ದದ್ದು ಇದೇ. ತಾನು ದಿನವೂ ನಾಲ್ಕು ಕೊಡ ಹೊರುವುದು ಇದು ಸರಿಯಿಲ್ಲದ್ದಕ್ಕೇ. ಲಿಂಗಣ್ಣ ಮೂರು ಸಲ ಗುಂಡಿ ಒತ್ತಿದ್ದೂ ಮತ್ತೇನಲ್ಲ, ಮಾತನ್ನು ಹಿಡಿದಿಟ್ಟುಕೊಳ್ಳುವವರು ನಡುವೆ ಯಾರೂ ಇಲ್ಲದೆ ಕೊಡ ಹೊತ್ತದ್ದು.

ಅವಳು ಬಹಳ ಹೊತ್ತು ಆ ಮುಚ್ಚಳ ಆಡಿಸುತ್ತಲೇ ಕೂತಿದ್ದಳು. ಆಮೇಲೆ ಎದ್ದು ಬಕ್ಕೇಶಪ್ಪನವರ ಗಾದಿಯ ಮುಂದೆ ನಿಂತಳು. ಗಿರಾಕಿಗಳಿದ್ದರು, ಹಮಾಲರಿದ್ದರು. ಅವರ ಮುಂದೆಯೇ ಹೇಳಿದಳು: “ಸಾವ್ಕಾರ್ರೆ, ಅವತ್ತು ನಾನು ಹೇಳಿದ್ದು ತಪ್ಪು. ನಡುವೆ ಒಂದು ಬೇಕು.”

“ಹುಬ್ಬಳ್ಳಿಯೋರಿಗೆ ಫೋನ್ ಮಾಡ್ಲೇನು?”

“ಬ್ಯಾಡ್ರಿ. ಗೋದಾಮಿನಾಗ ಧೂಳು ತಿಂತಿರೋ ಹಳೇ ಕಂಪ್ಯೂಟರ್ ಕೊಡ್ರಿ, ನಾನೇ ಮಾಡ್ತೀನಿ. ಐದೂ ಕಡೆಯೋರು ಅದಕ್ಕೊಂದಕ್ಕೇ ಹೇಳಿ ಹೋಗ್ಲಿ. ಆ ಕಡಿ ಎದ್ದಾಗ ಅವ್ರು ಬಂದು ತಗಂಡು ಹೋಗ್ಲಿ. ಒಂದೊಂದು ಆರ್ಡರ್ರಿಗೂ ಒಂದು ನಂಬರ್ ಕೊಡ್ತೀನಿ. ಅದೇ ನಂಬರ್ ಮೂರು ಸಲ ಬಂದ್ರೂ ಅದು ಒಂದೇ ಅಂತ ತಿಳೀತೈತೆ.”

ಲಿಂಗಣ್ಣ ಲವಂಗ ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು. “ನಡುವಿಂದೇ ಮಲಗಿದ್ರೆ? ಆವಾಗ ಐದೂ ಮನಿ ಮಲಗಿದಂಗೆ ಅಲ್ಲೇನವ್ವ?”

ಒಳ್ಳೆಯ ಪ್ರಶ್ನೆಯೇ. ಅಂಗಡಿಯಲ್ಲಿಟ್ಟರೆ ಲಿಂಗಣ್ಣ ಪೂಜೆಗೆ ಕೂಡಿಸುತ್ತಾರೆ, ಗೋದಾಮಿನಲ್ಲಿಟ್ಟರೆ ಅಲ್ಲಿಯವರು. ಕೊನೆಗೆ ಲಿಂಗಣ್ಣನವರೇ ದಾರಿ ತೋರಿಸಿದರು. ಹರಿಹರದ ಕಾರ್ಖಾನೆಯ ಹೆಡ್ ಮೇಸ್ತ್ರಿ ಬಡೇಸಾಬ್ ಅವರಿಗೆ ಒಂದು ಗಾಜಿನ ಕೋಣೆ ಇತ್ತು, ಅದಕ್ಕೊಂದು ಬೇರೆ ಫೋನು. “ಸಾಬ್ರ ಕೋಣೆಯಾಗ ಇಡು. ಹೊರಗ ಹುಡುಗ್ರು ಲೇತ್ ಮಷೀನಿಗೆ ಏನರ ಹೂ ಹಾಕ್ಕಳ್ಳಿ, ಸಾಬ್ರ ಕೋಣಿಗೆ ಪೂಜಿ ಎಲ್ಲಿ ಬರ್ಬೇಕು?” ಮೂವತ್ತು ವರ್ಷದಲ್ಲಿ ಲಿಂಗಣ್ಣ ಹಬ್ಬದ ದಿನ ಒಮ್ಮೆಯೂ ಹರಿಹರದಲ್ಲಿದ್ದವರಲ್ಲ. ಅಂಗಡಿಯ ಪೂಜೆ ಅವರಿಲ್ಲದೆ ಆಗುತ್ತಲೇ ಇರಲಿಲ್ಲ. ಆಶಾಳೂ ಹಬ್ಬಕ್ಕೆ ಅಂಗಡಿಯಲ್ಲೇ ಇರುತ್ತಿದ್ದವಳು. ಆ ಮಾತು ಇಬ್ಬರಿಗೂ ಬಹಳ ಸರಿ ಎನ್ನಿಸಿತು.

ಎರಡು ವಾರ ಆಶಾ ಕೂತದ್ದೇ ಕೂತದ್ದು. ತನ್ನ ಮೂರು ಹಳೆಯ ಪ್ರೋಗ್ರಾಮುಗಳಲ್ಲಿ ಎರಡನ್ನು ಅಳಿಸಿಹಾಕಿದಳು. ಒಂದನ್ನು ಮಾತ್ರ ಉಳಿಸಿದಳು, ಅಂಗಡಿಯಿಂದ ಹಿಂದಿನ ಗೋದಾಮಿಗೆ ಹೋಗುವುದನ್ನು. ಒಂದೇ ಗೋಡೆಯ ಆಚೆ ಈಚೆ ಇರುವವರು ಹರಿಹರಕ್ಕೆ ಹೋಗಿ ಬಂದು ಯಾಕೆ ಮಾತಾಡಬೇಕು? ಅದು ನೇರವಾಗಿಯೇ ಇರಲಿ ಎಂದಳು. ಬಕ್ಕೇಶಪ್ಪನವರ ಹೆಂಡತಿ ನಿರ್ಮಲಮ್ಮ ಆಗಾಗ ಅಂಗಡಿಗೆ ಬಂದು ಅವಳ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಅವರಿಗೆ ಅದರಲ್ಲಿ ಏನೂ ತಿಳಿಯದು. ಆದರೆ ಕೇಳುವ ಆಸೆ ಬಹಳ. ಆಶಾ ಹೇಳುತ್ತ ಹೋದರೆ ಅವರು “ಹ್ಞೂಂ, ಆಮ್ಯಾಕ?” ಎನ್ನುತ್ತ ಹೋಗುತ್ತಿದ್ದರು. “ನಿಮಗೆ ಹೇಳಿದ್ರೆ ನಂಗೇ ತಿಳೀತೈತೆ ಅಮ್ಮಾರೆ” ಎನ್ನುತ್ತಿದ್ದಳು ಆಶಾ.

ಹಬ್ಬದ ಅಮಾವಾಸ್ಯೆ ಬಂತು. ಆನಗೋಡಿನ ಡಿಪೋ ಮತ್ತು ಹರಿಹರದ ಹೊಸ ಅಂಗಡಿ ಎರಡೂ ಅವತ್ತೇ ಬಾಗಿಲು ತೆರೆದಿದ್ದವು. ಆಶಾ ಬೆಳಿಗ್ಗೆ ದಾವಣಗೆರೆಗೆ ಹೋಗದೆ ಹರಿಹರದಲ್ಲೇ ಇಳಿದು ನೆಟ್ಟಗೆ ಕಾರ್ಖಾನೆಗೆ ನಡೆದಳು. ಗೇಟಿನಲ್ಲೇ ಕುಂಬಳಕಾಯಿ ಒಡೆದಿತ್ತು. ಲೇತುಗಳು ಮಿಂದು ಹೊಳೆಯುತ್ತಿದ್ದವು, ಒಂದೊಂದಕ್ಕೂ ಚೆಂಡುಹೂವಿನ ಹಾರ. ಬಡೇಸಾಬ್ ಬಿಳಿ ಟೋಪಿ ಹಾಕಿಕೊಂಡು, ತೋಳು ಮಡಚಿ, ಡ್ರಿಲ್ಲಿಂಗ್ ಮಷೀನಿಗೆ ತಾವೇ ಹೂ ಕಟ್ಟುತ್ತಿದ್ದರು.

ಆಶಾ ಅವರ ಗಾಜಿನ ಕೋಣೆಗೆ ಇಣುಕಿದಳು. ನಡುವಿನ ಕಂಪ್ಯೂಟರ್ ಆರಿತ್ತು. ಅದರ ಮೇಲೆ ಹೊಸ ಟವೆಲು, ಟವೆಲಿನ ಮೇಲೆ ಹಾರ, ಎದುರಿಗೆ ಎರಡು ಬಾಳೆಹಣ್ಣು.

“ಸಾಬ್ರೇ! ಇದನ್ಯಾಕ ಆರಿಸಿದ್ರಿ?”

“ಯಾಕಂದ್ರೆ? ಅಮಾಸಿ ಐತಲ್ಲ ಬೇಟಿ. ಮೂವತ್ತು ವರ್ಷದಿಂದ ಈ ಷೆಡ್ಡಿನಾಗ ಪೂಜಿ ಸಾಮಾನು ತರೋನು ನಾನೇ. ಎಲ್ಲಾಕ್ಕೂ ಹೂ ಹಾಕಿ ನಿನ್ನ ಡಬ್ಬಿ ಒಂದನ್ನ ಬಿಟ್ರೆ ಅದು ಮುನಿಸ್ಕೊಳ್ಳಾಕಿಲ್ಲೇನು? ಹೊಸದಾಗಿ ಮನಿಗೆ ಬಂದೈತೆ, ಪಾಪ.”

ಆಶಾ ಗೋಡೆಯ ಗಡಿಯಾರ ನೋಡಿದಳು. ಅಷ್ಟು ಹೊತ್ತಿಗೆ ಆನಗೋಡಿನಿಂದಲೂ ಹೊಸ ಅಂಗಡಿಯಿಂದಲೂ ಆರ್ಡರ್ ಹೊರಟು ಇಲ್ಲಿಯ ಬಾಗಿಲು ತಟ್ಟಿ ತಟ್ಟಿ ಹಿಂದಿರುಗಿರಬೇಕು. ಬಡೇಸಾಬರಿಗೆ ಎದುರು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಅವರು ಅಷ್ಟು ಅಕ್ಕರೆಯಿಂದ ಹಾರ ಹಾಕಿದ್ದರು. ಫೋನು ಎತ್ತಿ ದಾವಣಗೆರೆಯ ಅಂಗಡಿಗೆ ಮಾಡಿದಳು. ಲಕ್ಷ್ಮೀಪೂಜೆಗೆಂದು ಬಂದಿದ್ದ ನಿರ್ಮಲಮ್ಮನೇ ತೆಗೆದುಕೊಂಡರು. ಆಶಾ ಅರ್ಧ ಅಳುತ್ತ ಅರ್ಧ ನಗುತ್ತ ಎಲ್ಲ ಹೇಳಿದಳು. ಆ ಕಡೆ ನಿರ್ಮಲಮ್ಮ ಹ್ಞೂಂ ಹ್ಞೂಂ ಎನ್ನುತ್ತ ಪೂರ್ತಿ ಕೇಳಿ, “ಸಾಬ್ರಿಗೆ ಕೊಡು ಫೋನು” ಎಂದರು.

ಬಡೇಸಾಬ್ ಕೈ ಒರೆಸಿಕೊಂಡು ಬಂದು ಫೋನು ಹಿಡಿದರು. “ಅಮ್ಮಾರೆ, ಶರಣ್ರಿ.”

“ಶರಣು. ಬಡೇಸಾಬ್, ನಮ್ಮ ಮನಿ ಜಗುಲಿ ಮ್ಯಾಲೆ ನಂದಾದೀಪ ನೋಡೀರಲ್ಲ. ನಾನು ಪೂಜಿಗೆ ಕೂತಾಗ ಅದನ್ನ ಆರಿಸಿ ಕೂಡ್ತೀನೇನು?”

“ಛೇ ಛೇ, ಅದನ್ನ ಯಾರ ಆರಿಸ್ತಾರ್ರಿ? ನಮ್ಮ ದರ್ಗಾದಾಗೂ ಚಿರಾಗು ಆರ್ಸಂಗಿಲ್ಲ.”

“ಆ ಹುಡುಗಿ ಡಬ್ಬಿನೂ ಅಂಥಾದ್ದೇ ಅಂತ ತಿಳ್ಕಳ್ರಿ. ಉಳಿದ ಮಷೀನೆಲ್ಲ ಪೂಜಿಗೆ ಕೂತಾಗ ಇದೊಂದು ಉರೀತಿರ್ಬೇಕು. ಹೂ ಹಾಕ್ರಿ, ಬ್ಯಾಡ ಅನ್ನಲ್ಲ. ಉರೀತಿರಾಗೇ ಹಾಕ್ರಿ.”

ಬಡೇಸಾಬ್ ಫೋನು ಕೆಳಗಿಟ್ಟರು. ಆಮೇಲೆ, “ಮೊದ್ಲೇ ಹಿಂಗ ಹೇಳಿದ್ರೆ ಬೆಳಿಗ್ಗೆನೇ ಹಚ್ತಿದ್ದೆ” ಎಂದು ಆಶಾಳನ್ನು ಗದರಿದರು. ಟವೆಲು ಮಡಚಿ ಹೆಗಲಿಗೆ ಹಾಕಿಕೊಂಡು, ತಾವೇ ಗುಂಡಿ ಒತ್ತಿದರು. ಗಾಜು ಬೆಳಗಿತು. ಹಾರವನ್ನು ಗಾಜಿಗೆ ಅಡ್ಡ ಬಾರದಂತೆ ಮೇಲಕ್ಕೆ ಸರಿಸಿ ಕಟ್ಟಿ, ಬಾಳೆಹಣ್ಣು ಒಂದನ್ನು ಸುಲಿದು ಆಶಾಳ ಕೈಗೆ ಕೊಟ್ಟರು. “ಅಳೋದು ಬಿಟ್ಟು ತಿನ್ನು. ಪರಸಾದ ಇದು.”

ಅವತ್ತು ಹೊತ್ತು ಇಳಿಯುವ ತನಕ ಆ ಹಳೆಯ ಕಂಪ್ಯೂಟರ್ ಹೂ ಮುಡಿದುಕೊಂಡು ಬಂದವರ ಮಾತನ್ನೆಲ್ಲ ಕೇಳಿಸಿಕೊಂಡು ಕೂತಿತ್ತು. ಆನಗೋಡಿನವರು ಹೇಳಿ ಹೋದರು, ಹೊಸ ಅಂಗಡಿಯವರು ಹೇಳಿ ಹೋದರು. ಕಾರ್ಖಾನೆಯ ಕಂಪ್ಯೂಟರ್ ಹೊರಗೆ ಬಟ್ಟೆ ಹೊದ್ದು ಮಲಗಿಯೇ ಇತ್ತು. ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಸಂಜೆ ಪೂಜೆಗೆ ಮುಂಚೆ ಲಿಂಗಣ್ಣನವರೂ ದಾವಣಗೆರೆಯಿಂದ ಒಂದು ಆರ್ಡರ್ ಕಳಿಸಿದರು, ಹಳೆಯ ಭಯಕ್ಕೆ ಮೂರು ಸಲ ಒತ್ತಿದರು.

ಪಾಡ್ಯದ ದಿನ ಬಕ್ಕೇಶಪ್ಪ ತಾವೇ ಹರಿಹರಕ್ಕೆ ಬಂದರು. ಕೋಟಿನ ಜೇಬಿನಲ್ಲಿ ಮೂರೂ ಕಡೆಯ ಆರ್ಡರ್ ಕೈಯಲ್ಲಿ ಬರೆದುಕೊಂಡ ಚೀಟಿ ಇತ್ತು. ಲಿಂಗಣ್ಣನವರೂ ಜೊತೆಗೆ ಬಂದಿದ್ದರು, ಹಣೆಯಲ್ಲಿ ಬೆವರು. ಬಡೇಸಾಬ್ ಕಾರ್ಖಾನೆಯ ಕಂಪ್ಯೂಟರಿನ ಬಟ್ಟೆ ತೆಗೆದರು. ಅದು ಎದ್ದು ನಡುವಿನದನ್ನು ಕೇಳಿತು, ಪಟ್ಟಿ ತೆರೆದುಕೊಂಡಿತು. ಬಕ್ಕೇಶಪ್ಪ ಕನ್ನಡಕ ಏರಿಸಿ ಚೀಟಿಯನ್ನೂ ಗಾಜನ್ನೂ ಬೆರಳಿಟ್ಟು ಬೆರಳಿಟ್ಟು ನೋಡಿದರು. ಆನಗೋಡಿಂದು ಒಂದು. ಹೊಸ ಅಂಗಡಿಯದು ಒಂದು.

“ದಾವಣಗೇರಿದು?” ಎಂದರು ಲಿಂಗಣ್ಣ, ಮೆಲ್ಲಗೆ.

“ಅದೂ ಒಂದೇ ಐತೆ.”

“ನಾನು ಮೂರು ಸಲ ಒತ್ತೀನ್ರಿ!”

“ಗೊತ್ತು. ಅದಕ್ಕೂ ಗೊತ್ತಾಗೈತೆ” ಎಂದು ಬಕ್ಕೇಶಪ್ಪ ಚೀಟಿ ಹರಿದು ಜೇಬಿಗೆ ಹಾಕಿಕೊಂಡರು. ಆಶಾಳ ಕಡೆ ತಿರುಗಿ, “ಖುರ್ಚಿ ಮ್ಯಾಲೆ ಒಂದು ದಿಂಬು ಹಾಕಿಸ್ಕೊ. ಬಹಳ ದಿನ ಕೂಡೋದು ಐತೆ” ಎಂದರು. ಆಮೇಲೆ ಬಾಗಿಲ ತನಕ ಹೋಗಿ ಮತ್ತೆ ಬಂದರು. “ಇನ್ನೂ ಎಂಬತ್ತು ಉಳಿದಾವಲ್ಲ ಫುಟ್‌ವಾಲು, ಅದರಾಗ ಒಂದು ಮನಿಗೆ ಒಯ್ಯಿ. ದೀಪಾವಳಿ ಉಡುಗೊರಿ. ಸೀರಿ ಕೊಡಾಣ ಅಂತಿದ್ದೆ, ಆದ್ರ ಇದನ್ನ ಮೊದ್ಲು ಖಾಲಿ ಮಾಡ್ಬೇಕು ನೋಡು.”

“ಸೀರಿನೂ ಕೊಡ್ರಿ ಸಾವ್ಕಾರ್ರೆ, ಜಿಪುಣತನ ಬ್ಯಾಡ” ಎಂದರು ಬಡೇಸಾಬ್. ಎಲ್ಲರೂ ನಕ್ಕರು. ಸೀರೆ ಆಮೇಲೆ ನಿರ್ಮಲಮ್ಮನ ಕೈಯಿಂದ ಬಂತು, ಹಸಿರು ಸೀರೆ, ಸಾಸಿವೆ ಬಣ್ಣದ ಅಂಚು.

ಬಸ್ಸಿನಲ್ಲಿ ಆ ಕಬ್ಬಿಣದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ ಮಗಳನ್ನು ನೋಡಿ ಕೊಟ್ರವ್ವ, “ಹಬ್ಬಕ್ಕ ಮಂದಿ ಸೀರಿ, ಸಿಹಿ ತರ್ತಾರ, ನೀನೇನವ್ವ ಕಬ್ಬಿಣ ತಂದೀದಿ?” ಎಂದು ಬಾಯಿಗೆ ಸೆರಗು ಹಿಡಿದಳು. ಅಂಜಿನಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮುಚ್ಚಳಕ್ಕೆ ಬೆರಳು ಹಾಕಿ ಆಡಿಸಿ, ಆ ಹೊತ್ತಿನಲ್ಲೇ ಸ್ಪ್ಯಾನರ್ ಹುಡುಕತೊಡಗಿದ.

ಎರಡು ದಿನ ಬಿಟ್ಟು ಬಾವಿಯ ಪೈಪು ಎತ್ತಿ ಹೊಸದನ್ನು ಕೂರಿಸಿದರು. ಮೊದಲ ಸಲಕ್ಕೆ ಮಾತ್ರ ನಾಲ್ಕು ಕೊಡ ಕುಡಿಸಬೇಕಾಯಿತು. ಮಾರನೆಯ ಬೆಳಿಗ್ಗೆ ಕರೆಂಟು ಬಂದಾಗ ಅಂಜಿನಪ್ಪ ಸುಮ್ಮನೆ ಗುಂಡಿ ಒತ್ತಿದ, ನೀರು ಬಂತು. ಆಶಾ ಕೊಡ ಎತ್ತಿಕೊಂಡು ಅರ್ಧ ದಾರಿ ಬಂದಿದ್ದವಳು ಅಲ್ಲೇ ನಿಂತಳು.

“ಬ್ಯಾಡವ್ವ, ವಾಪಸ್ ಹೋಗು” ಎಂದು ಅಪ್ಪ ದೂರದಿಂದಲೇ ಕೈ ಬೀಸಿದ.

ಅವತ್ತು ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಆಶಾ ಮನೆಗೆ ಬಂದು, ಹಿತ್ತಲಿನ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ದಿನವೂ ಅವಸರದಲ್ಲಿ ಅವ್ವನಿಗೆ ಬಿಟ್ಟು ಓಡುತ್ತಿದ್ದ ಹಿಂದಿನ ದಿನದ ಬುತ್ತಿ ಡಬ್ಬಿಯನ್ನು ತಾನೇ ಬಿಚ್ಚಿದಳು. ತಳಕ್ಕೆ ಅಂಟಿದ್ದ ಬದನೆಕಾಯಿ ಪಲ್ಯವನ್ನು ಉಗುರಿನಿಂದ ಕೆರೆದು, ಬೂದಿ ಹಚ್ಚಿ, ತೆಂಗಿನ ನಾರಿನಿಂದ ಉಜ್ಜತೊಡಗಿದಳು.